ನಿಲ್ಲಿಸಿದ ಮಾನಿಟರ್‌ನಲ್ಲಿ ಎರಡು ಮೂರು ವಿಂಡೋಗಳನ್ನು ಹೇಗೆ ಜೋಡಿಸಿಕೊಳ್ಳುವುದು?

24 ಅಂಗುಲದ ಮಾನಿಟರನ್ನು ಉದ್ದಕ್ಕೆ ನಿಲ್ಲಿಸಿದ ಮೇಲೆ, ವಿಂಡೋಸ್ ಕೀ ಜೊತೆ ಎಡ ಅಥವಾ ಬಲ ಬಾಣ ಒತ್ತಿದರೆ ಸಪೂರ ಪಟ್ಟಿಗಳಾಗುತ್ತವೆ, ಓದಲು ಆಗುವುದಿಲ್ಲ ಎಂದು ಕೇಳಿದ್ದೀರಿ. ನಾನು ವಿಜಯಪುರದಲ್ಲಿ ಮನೆಯಿಂದಲೇ ಹಳೆಯ ಕನ್ನಡ ಪುಸ್ತಕಗಳ ಕರಡು ತಿದ್ದುತ್ತೇನೆ. ಈ ಕಷ್ಟವನ್ನು ನಾನೂ ಉಂಡಿದ್ದೇನೆ.

ಸಾಮಾನ್ಯ ಫುಲ್ ಎಚ್‌ಡಿ ಪರದೆಯಾದರೆ, ನಿಲ್ಲಿಸಿದಾಗ ಅಗಲಕ್ಕೆ ಸಿಗುವುದು 1080 ಪಿಕ್ಸೆಲ್. ಎರಡು ಪಾಲಾದರೆ ತಲಾ 540. ಕನ್ನಡದ ಉದ್ದ ಸಮಾಸಪದಗಳು ಅಷ್ಟರಲ್ಲಿ ಹಿಡಿಯದೆ ಸಾಲು ಮುರಿಯುತ್ತದೆ, ಮೂಲಕ್ಕೂ ನಮ್ಮ ಪಠ್ಯಕ್ಕೂ ತಾಳೆ ತಪ್ಪುತ್ತದೆ. ಹೀಗೆ ಅಕ್ಕಪಕ್ಕ ಇಟ್ಟುಕೊಂಡು ತಿದ್ದಿದ ಒಂದು ಪುಸ್ತಕದಲ್ಲಿ ‘ಮಧ್ಯ’ ಇರಬೇಕಾದಲ್ಲಿ ‘ಮದ್ಯ’ ಉಳಿದುಬಿಟ್ಟಿತ್ತು. ಲೇಖಕರ ಮನೆಯವರು ಅದನ್ನು ತೋರಿಸಿದ ದಿನ ನನಗೆ ಊಟ ಸೇರಲಿಲ್ಲ.

ಆದ್ದರಿಂದ ಒಂದರ ಮೇಲೊಂದು ಇಡಿ. ವಿಂಡೋಸ್ 11 ಇದ್ದರೆ ವಿಂಡೋಸ್ ಕೀ ಮತ್ತು ಝಡ್ ಒತ್ತಿ, ನಿಲ್ಲಿಸಿದ ಪರದೆಗೆ ಮೇಲೆ ಕೆಳಗೆ ಹಂಚುವ ವಿನ್ಯಾಸಗಳನ್ನೇ ಅದು ತೋರಿಸುತ್ತದೆ. ವಿಂಡೋಸ್ 10 ಇದ್ದರೆ ಮೈಕ್ರೋಸಾಫ್ಟ್‌ನ ಪವರ್‌ಟಾಯ್ಸ್ ಎಂಬ ಉಚಿತ ತಂತ್ರಾಂಶ ಹಾಕಿಕೊಳ್ಳಿ. ಅದರಲ್ಲಿ ಪರದೆಯನ್ನು ಪಾಲು ಮಾಡುವ ಫ್ಯಾನ್ಸಿಝೋನ್ಸ್‌ನಲ್ಲಿ ಅಡ್ಡ ಸಾಲುಗಳ ವಿನ್ಯಾಸ ಆರಿಸಿ, ಶಿಫ್ಟ್ ಹಿಡಿದು ವಿಂಡೋ ಎಳೆದರೆ ಅದು ತನ್ನ ಪಾಲಿನಲ್ಲಿ ಕೂರುತ್ತದೆ. ಪಾಲುಗಳ ಅಳತೆ ನಮ್ಮ ಇಷ್ಟದಂತೆ ಇಡಬಹುದಾದ್ದರಿಂದ ನಾನು ವಿಂಡೋಸ್ 11ರಲ್ಲೂ ಇದನ್ನೇ ಬಳಸುತ್ತೇನೆ.

ಸಮಪಾಲು ಮಾಡಬೇಡಿ. ನನ್ನ ಪರದೆಯಲ್ಲಿ ಮೇಲೆ ಹಳೆಯ ಪುಟದ ಸ್ಕ್ಯಾನ್, ನಡುವೆ ವರ್ಡ್, ತಳದಲ್ಲಿ ನಿಘಂಟಿಗೆ ಒಂದು ಕಿರಿದಾದ ಪಟ್ಟಿ. ಮೊದಲೆರಡರ ನಡುವಿನ ಗೆರೆ ಸರಿಯಾಗಿ ನನ್ನ ಕಣ್ಣಿನ ಎದುರಿಗೆ ಬರುತ್ತದೆ. ಓದುತ್ತಿರುವ ಸಾಲನ್ನು ಸ್ಕ್ಯಾನಿನ ತಳಕ್ಕೆ ಸರಿಸಿಕೊಳ್ಳುತ್ತೇನೆ, ಅದೇ ಸಾಲು ವರ್ಡ್‌ನಲ್ಲಿ ಮೇಲ್ತುದಿಗೆ ಇರುತ್ತದೆ. ಕಂಟ್ರೋಲ್ ಮತ್ತು ಎಫ್1 ಒತ್ತಿ ವರ್ಡ್‌ನ ಮೇಲಿನ ಪಟ್ಟಿ ಮಡಚಿದರೆ ಎರಡೂ ಸಾಲುಗಳು ಇನ್ನಷ್ಟು ಹತ್ತಿರವಾಗುತ್ತವೆ. ಕಣ್ಣು ನಾಲ್ಕು ಬೆರಳಿನಷ್ಟು ಇಳಿದರೆ ಸಾಕು, ಒತ್ತಕ್ಷರ ತಪ್ಪಿಸಿಕೊಳ್ಳಲು ಜಾಗವಿಲ್ಲ. ಈ ಒಂದು ಜೋಡಣೆ ನನ್ನ ಕೆಲಸವನ್ನೇ ಬದಲಿಸಿತು.

ನಿಲ್ಲಿಸಿದ ಪರದೆ ಸುಮಾರು 53 ಸೆಂಟಿಮೀಟರ್ ಎತ್ತರವಾಗುತ್ತದೆ. ಮೇಲಂಚನ್ನೇ ನೋಡುತ್ತಾ ಕೂತರೆ ಕುತ್ತಿಗೆ ಹಿಡಿಯುವುದು ಖಂಡಿತ, ಹೆಚ್ಚು ಹೊತ್ತು ನೋಡುವುದನ್ನು ಅಲ್ಲಿ ಇಡಬೇಡಿ. ನನ್ನ ಮಾನಿಟರಿನ ಸ್ಟ್ಯಾಂಡ್ ತಿರುಗುತ್ತಿರಲಿಲ್ಲ. ಅದರ ಬೆನ್ನಿಗಿದ್ದ ನಾಲ್ಕು ತೂತುಗಳ ಅಳತೆಗೆ ನಮ್ಮ ಓಣಿಯ ಬಡಿಗೇರರು ಸಾಗವಾನಿಯ ಚೌಕಟ್ಟು ಮಾಡಿಕೊಟ್ಟರು, ಮೇಜಿಗೆ ತೀರ ತಗ್ಗಾಗಿ. ಆ ತಗ್ಗಿನಿಂದಲೇ ಗೆರೆ ಕಣ್ಣಿನ ಮಟ್ಟಕ್ಕೆ ಬಂತು.

ನೀವು ಯಾವ ಕೆಲಸಕ್ಕೆ ಬಳಸುತ್ತೀರಿ ಎಂದು ಬರೆಯಿರಿ, ಪಾಲುಗಳ ಅಳತೆ ಹೇಳುತ್ತೇನೆ.