ಬಿಜೈಯ ಫ್ಲ್ಯಾಟು, ದುಬೈಯ ಗ್ರಾಹಕರು

ಪ್ರಶ್ನೆ: ಮಂಗಳೂರಿನಲ್ಲಿ ನನ್ನದೊಂದು ಚಿಕ್ಕ ಜಾಹೀರಾತು ಕಚೇರಿ ಇದೆ. ಪರಿಚಯದ ಬಿಲ್ಡರ್ ಒಬ್ಬರು ಬಿಜೈಯಲ್ಲಿ 24 ಫ್ಲ್ಯಾಟುಗಳ ಕಟ್ಟಡಕ್ಕೆ ಕೈಹಾಕಿದ್ದು, ಕೊಲ್ಲಿ ರಾಷ್ಟ್ರಗಳಲ್ಲಿರುವ ನಮ್ಮ ಊರಿನವರಿಗೆ ತಲಪುವಂತೆ ಪ್ರಚಾರ ಮಾಡಿಕೊಡಲು ಕೇಳಿದ್ದಾರೆ. ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಸಂಖ್ಯೆ ಇನ್ನೂ ಬಂದಿಲ್ಲ. ಅಷ್ಟರೊಳಗೆ ವಾಟ್ಸಾಪ್ ಗುಂಪುಗಳಲ್ಲಿ ‘ಪ್ರಿ-ಲಾಂಚ್ ದರ’ ಎಂದು ಹಾಕಬಹುದೇ? ಒಬ್ಬ ಗ್ರಾಹಕರಂತೂ ಮುಂಗಡವನ್ನು ದುಬೈಯಲ್ಲೇ ದಿರ್ಹಮ್ ನೋಟುಗಳಲ್ಲಿ ಕೊಡಲು ಸಿದ್ಧರಿದ್ದಾರೆ. ಏನು ಮಾಡಲಿ?
– ಓದುಗರೊಬ್ಬರು, ಮಂಗಳೂರು

ಉತ್ತರ: ಹಾಕುವಂತಿಲ್ಲ. 2016ರ ರೇರಾ ಕಾಯ್ದೆಯ 3ನೇ ಸೆಕ್ಷನ್ನಿನ ಪ್ರಕಾರ ನೋಂದಣಿಗೆ ಮೊದಲು ಮಾರಾಟವಷ್ಟೇ ಅಲ್ಲ, ಜಾಹೀರಾತು ಮತ್ತು ಬುಕಿಂಗ್ ಕೂಡ ನಿಷಿದ್ಧ. ಯಾವುದೇ ಮಾಧ್ಯಮದ ಮೂಲಕ ಯಾವುದೇ ರೂಪದಲ್ಲಿ ನಡೆಯುವ ಪ್ರಚಾರವನ್ನು ಕಾಯ್ದೆ ಜಾಹೀರಾತೆಂದೇ ಪರಿಗಣಿಸುವುದರಿಂದ ‘ಇದು ಬರೀ ಫಾರ್ವರ್ಡ್ ಮೆಸೇಜು’ ಎಂಬ ಸಮಜಾಯಿಷಿ ನಿಲ್ಲುವುದಿಲ್ಲ. ಜಾಗ 500 ಚದರ ಮೀಟರ್, ಅಂದರೆ ನಮ್ಮ ಲೆಕ್ಕದಲ್ಲಿ 12 ಸೆಂಟ್ಸ್‌ಗೆ ತುಸು ಹೆಚ್ಚು, ಇದನ್ನು ಮೀರದಿದ್ದರೆ ಅಥವಾ ಫ್ಲ್ಯಾಟುಗಳು ಎಂಟನ್ನು ಮೀರದಿದ್ದರೆ ವಿನಾಯಿತಿ ಇದೆ; ಚಿಕ್ಕ ಜಾಗದಲ್ಲಿ ಎದ್ದು ನಿಲ್ಲುವ 24 ಫ್ಲ್ಯಾಟುಗಳ ಕಟ್ಟಡವೂ ಅದರ ನೆರಳಿಗೆ ಹೋಗಬಹುದೆಂದು ನಂಬಿ ಕೂರುವುದು ಬುದ್ಧಿವಂತಿಕೆಯಲ್ಲ. ತಪ್ಪಿದರೆ ಯೋಜನೆಯ ಅಂದಾಜು ವೆಚ್ಚದ ಶೇ. 10ರವರೆಗೆ ದಂಡ ಬೀಳಬಹುದು. ಸಂಖ್ಯೆ ಬಂದ ಮೇಲೆ ಅದನ್ನೂ ಪ್ರಾಧಿಕಾರದ ಜಾಲತಾಣದ ವಿಳಾಸವನ್ನೂ ಪ್ರತಿ ಜಾಹೀರಾತಿನಲ್ಲಿ ಎದ್ದು ಕಾಣುವಂತೆ ಮುದ್ರಿಸಬೇಕು. ಇರುವೆ ಸಾಲಿನಂಥ ಅಕ್ಷರದಲ್ಲಿ ಮೂಲೆಗೆ ತಳ್ಳಿದರೆ ಆಗದು.

ಇನ್ನು ಜಾಹೀರಾತಿನ ಒಳಗೇನಿರಬೇಕು ಎಂಬುದು. ಅದನ್ನು ಓದುವವರು ದುಬೈಯಲ್ಲಿರುತ್ತಾರೆ, ಆದರೆ ಜಾಗ ನೋಡಲು ಬರುವವರು ಅವರ ಅಣ್ಣನೋ ಮಾವನೋ ಆಗಿರುತ್ತಾರೆ. ಅಲ್ಲಿ ಕಂಡ ಚಿತ್ರಕ್ಕೂ ಇಲ್ಲಿ ಮಾವ ಕಂಡದ್ದಕ್ಕೂ ತಾಳೆಯಾಗದಿದ್ದರೆ ವ್ಯವಹಾರ ಅಂದೇ ರಾತ್ರಿಯ ಫೋನಿನಲ್ಲಿ ಮುಗಿದುಹೋಗುತ್ತದೆ. ಕೊಲ್ಲಿಯ ಶಾಲೆಗಳಿಗೆ ರಜೆ ಇರುವುದು ಜುಲೈ, ಆಗಸ್ಟ್ ತಿಂಗಳುಗಳಲ್ಲಿ. ಕುಟುಂಬಗಳು ಊರಿಗೆ ಬರುವುದೂ ಆಗಲೇ, ಸರಿಯಾಗಿ ತುಳುನಾಡಿನ ಆಟಿ ತಿಂಗಳ ಮಳೆಯ ನಡುವೆ. ಬಿಲ್ಡರುಗಳು ಮಾತ್ರ ಜನವರಿಯ ನೀಲಿ ಆಕಾಶದ ಕೆಳಗೆ ಚಿತ್ರ ತೆಗೆಸುತ್ತಾರೆ. ನನ್ನ ಸಲಹೆಯೆಂದರೆ, ಒಂದು ದೊಡ್ಡ ಮಳೆ ಹೊಯ್ದು ನಿಂತ ಕೂಡಲೇ ಫೋನು ಹಿಡಿದು ಮುಖ್ಯ ರಸ್ತೆಯಿಂದ ನಿವೇಶನದ ಗೇಟಿನವರೆಗೆ ಎಲ್ಲಿಯೂ ಕತ್ತರಿಸದೆ ವಿಡಿಯೊ ತೆಗೆಯಿರಿ: ನೀರು ಎಲ್ಲಿ ನಿಲ್ಲುತ್ತದೆ, ಚರಂಡಿ ಯಾವ ಕಡೆ ಹರಿಯುತ್ತದೆ, ಪಾರ್ಕಿಂಗಿಗೆ ಇಳಿಯುವ ದಾರಿ ಹೇಗಿದೆ ಎಂಬುದೆಲ್ಲ ಅದರಲ್ಲಿ ಬರಲಿ. ಬೇಸಿಗೆಯಲ್ಲಿ ನಗರಕ್ಕೆ ನೀರು ಕೊಡುವ ತುಂಬೆ ಅಣೆಕಟ್ಟಿನ ನೀರು ಇಳಿದಾಗ ಕಟ್ಟಡಕ್ಕೆ ಸ್ವಂತ ಬಾವಿ ಇದೆಯೇ ಎಂಬ ಪ್ರಶ್ನೆಗೂ ಉತ್ತರವಿರಲಿ. ಈಜುಕೊಳದ ಬಣ್ಣದ ಚಿತ್ರಕ್ಕಿಂತ ಈ ಎರಡು ಸಂಗತಿಗಳನ್ನೇ ನಮ್ಮವರು ಹೆಚ್ಚು ಹೊತ್ತು ನೋಡುತ್ತಾರೆ.

ಆ ಈಜುಕೊಳ ಯೋಜನೆಯಲ್ಲಿ ಇಲ್ಲದಿದ್ದರೆ ಚಿತ್ರದಲ್ಲೂ ಬೇಡ. ಜಾಹೀರಾತಿನ ಸುಳ್ಳು ಹೇಳಿಕೆಯನ್ನು ನಂಬಿ ಹಣ ಕೊಟ್ಟು ನಷ್ಟಕ್ಕೊಳಗಾದವರಿಗೆ ಪರಿಹಾರ ಕೇಳುವ, ಯೋಜನೆಯಿಂದ ಹಿಂದೆ ಸರಿಯುವುದಾದರೆ ಬಡ್ಡಿಸಹಿತ ಹಣ ವಾಪಸು ಪಡೆಯುವ ಹಕ್ಕನ್ನು 12ನೇ ಸೆಕ್ಷನ್ ಕೊಡುತ್ತದೆ. ವಿಸ್ತೀರ್ಣವನ್ನು ಕಾರ್ಪೆಟ್ ಏರಿಯಾದಲ್ಲೇ, ಅಂದರೆ ಹೊರಗೋಡೆಗಳನ್ನು ಬಿಟ್ಟು ಫ್ಲ್ಯಾಟಿನ ಒಳಗೆ ಬಳಕೆಗೆ ಸಿಗುವ ಜಾಗದ ಲೆಕ್ಕದಲ್ಲೇ ಹೇಳಿ. ‘ಬಜ್ಪೆ ವಿಮಾನ ನಿಲ್ದಾಣಕ್ಕೆ ಹತ್ತೇ ನಿಮಿಷ’ ಎಂದಂತೂ ಬರೆಯಬೇಡಿ. ಆ ಗುಡ್ಡದ ರಸ್ತೆಯಲ್ಲಿ ಲಗೇಜು ಹೇರಿಕೊಂಡು ಓಡಾಡಿದವರೇ ನಿಮ್ಮ ಓದುಗರು.

ದಿರ್ಹಮ್ ನೋಟುಗಳನ್ನು ಮುಟ್ಟಬೇಡಿ. ಫೆಮಾ, ಅಂದರೆ ವಿದೇಶಿ ವಿನಿಮಯ ಕಾಯ್ದೆಯ ನಿಯಮಗಳ ಪ್ರಕಾರ ಅನಿವಾಸಿಗಳು ಹಣವನ್ನು ಬ್ಯಾಂಕಿನ ಮೂಲಕ ಭಾರತಕ್ಕೆ ಕಳುಹಿಸಬೇಕು ಇಲ್ಲವೇ ಅನಿವಾಸಿಗಳಿಗೆಂದೇ ಇರುವ ಎನ್‌ಆರ್‌ಇ, ಎನ್‌ಆರ್‌ಒ ಅಥವಾ ಎಫ್‌ಸಿಎನ್‌ಆರ್ ಬ್ಯಾಂಕ್ ಖಾತೆಯಿಂದ ಕೊಡಬೇಕು. ಮಾರಾಟದ ಕರಾರು ನೋಂದಣಿಯಾಗುವ ತನಕ ಬೆಲೆಯ ಶೇ. 10ಕ್ಕಿಂತ ಹೆಚ್ಚು ಪಡೆಯುವಂತಿಲ್ಲ. ನೋಂದಣಿಗೆ ಬರಲಾಗದವರು ಅಲ್ಲಿನ ಭಾರತೀಯ ಕಾನ್ಸುಲೇಟಿನಲ್ಲಿ ದೃಢೀಕರಿಸಿದ ಅಧಿಕಾರ ಪತ್ರವನ್ನು (ಪವರ್ ಆಫ್ ಅಟಾರ್ನಿ) ಊರಿಗೆ ಕಳುಹಿಸಬಹುದು. ಪತ್ರ ಇಲ್ಲಿ ಕೈಸೇರಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕೆಂಬುದನ್ನು ಮಾವನವರಿಗೆ ನೆನಪಿಸಿ. ಬಿಲ್ಡರರ ಬಳಿ ಮಾರಾಟಕ್ಕೆ ಅಡಿಕೆ ತೋಟವೂ ಇದ್ದರೆ ಅದನ್ನು ಇದೇ ಬ್ರೋಷರಿಗೆ ಸೇರಿಸಬೇಡಿ, ಏಕೆಂದರೆ ಕೃಷಿಭೂಮಿ, ತೋಟ, ಫಾರ್ಮ್‌ಹೌಸುಗಳನ್ನು ಅನಿವಾಸಿಗಳು ಸಾಮಾನ್ಯವಾಗಿ ಖರೀದಿಸುವಂತಿಲ್ಲ.

ದುಬೈಯಲ್ಲಿ ಮಳಿಗೆ ಹಾಕುವ ಆಲೋಚನೆಯಿದ್ದರೆ ಅಲ್ಲಿನ ಭೂ ಇಲಾಖೆಯ ಅನುಮತಿಯನ್ನು ಮೊದಲೇ ವಿಚಾರಿಸಿ. ಅದಕ್ಕೂ ಮುಂಚೆ ಒಂದು ಸಣ್ಣ ಕೆಲಸವಿದೆ. ದುಬೈಯಲ್ಲಿ ಕೆಲಸ ಮುಗಿಸಿ ಏಳು ಗಂಟೆಗೆ ಒಬ್ಬರು ವಿಚಾರಣೆಗೆ ಕರೆ ಮಾಡಿದರೆ ಇಲ್ಲಿ ಎಂಟೂವರೆ ಆಗಿರುತ್ತದೆ. ಆ ಹೊತ್ತಿನಲ್ಲಿ ಕಚೇರಿಯ ಫೋನು ಎತ್ತುವವರು ಯಾರೆಂದು ಬಿಲ್ಡರರನ್ನು ಕೇಳಿ.