ರಜೆಗೆ ಬಂದ ಊರಲ್ಲೇ ನೆಲೆಸುವ ಆಸೆ

ಸಲಹೆ ಕೇಳಿ ನನ್ನ ಬಳಿ ಬಂದ ದಂಪತಿಯೊಬ್ಬರ ಪ್ರಕರಣ ಇದು. ಬರೆಯಲು ಅವರ ಒಪ್ಪಿಗೆ ಪಡೆದಿದ್ದೇನೆ. ಹೆಸರು, ಉದ್ಯೋಗ, ಗುರುತು ಸಿಗುವಂಥ ವಿವರಗಳನ್ನೆಲ್ಲ ಬದಲಿಸಿದ್ದೇನೆ. ಇಲ್ಲಿ ಅವರನ್ನು ಗಿರೀಶ್, ಸುಜಾತಾ ಎಂದು ಕರೆಯುತ್ತೇನೆ.

ಗಿರೀಶ್‌ಗೆ 45 ವರ್ಷ, ಬೆಂಗಳೂರಿನ ಐಟಿ ಕಂಪನಿಯೊಂದರಲ್ಲಿ ಮ್ಯಾನೇಜರ್. ಸುಜಾತಾಗೆ 41, ಖಾಸಗಿ ಶಾಲೆಯಲ್ಲಿ ಟೀಚರ್. ಮಗಳು ಏಳನೇ ತರಗತಿ. ಗಿರೀಶ್ ಅವರ ತಾಯಿ ಜೊತೆಯಲ್ಲೇ ಇದ್ದಾರೆ. ಹೃದಯಕ್ಕೆ ಸ್ಟೆಂಟ್ ಹಾಕಿದೆ, ಮೂರು ತಿಂಗಳಿಗೊಮ್ಮೆ ಡಾಕ್ಟರಿಗೆ ತೋರಿಸಬೇಕು.

ಇವರು ಸತತ ಎರಡು ವರ್ಷ ಡಿಸೆಂಬರ್ ರಜೆಗೆ ಕೇರಳದ ಕಾಸರಗೋಡು ಜಿಲ್ಲೆಯ ಮುಳ್ಳೇರಿಯದ ಕಡೆಯ ಹೋಮ್‌ಸ್ಟೇಗೆ ಬಂದಿದ್ದರು. ಬೇಕಲ ಕೋಟೆ, ಅನಂತಪುರದ ಕೆರೆಯ ನಡುವಿನ ದೇವಸ್ಥಾನ, ಮಧೂರು, ರಾಣಿಪುರದ ಗುಡ್ಡ ಎಲ್ಲ ನೋಡಿದರು. ಒಂದು ರಾತ್ರಿ ಗದ್ದೆಯಲ್ಲಿ ಕೂತು ಯಕ್ಷಗಾನ ಮೇಳದ ಆಟವನ್ನೂ ನೋಡಿದರು. ಡಿಸೆಂಬರಿನಲ್ಲಿ ನಮ್ಮ ಊರು ನಿಜಕ್ಕೂ ಚೆಂದ. ಮಳೆ ಹೋಗಿರುತ್ತದೆ, ಸೆಕೆ ಬಂದಿರುವುದಿಲ್ಲ. ಅಂಗಳದ ತುಂಬ ಅಡಿಕೆ ಒಣಗುತ್ತಿರುತ್ತದೆ. ಎರಡನೇ ಸಲ ಬಂದಾಗ ಗಿರೀಶ್ ಒಂದೂವರೆ ಎಕರೆ ಅಡಿಕೆ ತೋಟ ಮತ್ತು ಹಳೇ ಹೆಂಚಿನ ಮನೆ ನೋಡಿ, ಮೂರು ಲಕ್ಷ ಮುಂಗಡ ಕೊಟ್ಟು, ಕರಾರು ಬರೆಸಿಕೊಂಡರು. ಹೆಂಡತಿಗೆ ಹೇಳಿದ್ದು ವಾಪಸ್ ಹೋಗುವಾಗ, ಸಂಪಾಜೆ ಘಾಟಿ ಹತ್ತುತ್ತಿದ್ದ ಕಾರಿನಲ್ಲಿ. ಮುಂದಿನ ಎರಡು ತಿಂಗಳು ಮನೆಯಲ್ಲಿ ಮಾತೇ ಇಲ್ಲ. ಹೋಮ್‌ಸ್ಟೇ ನಡೆಸುವವರು ನನ್ನ ನಂಬರ್ ಕೊಟ್ಟಿದ್ದರಂತೆ. ಫೆಬ್ರವರಿಯಲ್ಲಿ ಮೊದಲ ಭೇಟಿ ವಿಡಿಯೋ ಕರೆಯಲ್ಲಿ ಆಯಿತು.

"ಬರಲ್ಲ ಅಂತ ನಾನು ಹೇಳ್ತಿಲ್ಲ ಮೇಡಂ. ನನ್ನನ್ನ ಒಂದು ಮಾತು ಕೇಳ್ಲಿಲ್ಲ" ಎಂದರು ಸುಜಾತಾ. ಗಿರೀಶ್ ಹೇಳಿದ್ದು ಬೇರೆ: "ಅಲ್ಲಿ ಬಂದ್ರೆ ನಾನು ಬೇರೆ ಮನುಷ್ಯ ಆಗ್ತೀನಿ. ಬೆನ್ನು ನೋಯಲ್ಲ. ರಾತ್ರಿ ನಿದ್ದೆ ಬರುತ್ತೆ. ಮಗಳು ನನ್ನ ಹತ್ತಿರ ಕೂತು ಮಾತಾಡ್ತಾಳೆ."

ನಾನು ಮೊದಲು ಒಂದು ವಿಷಯ ಸ್ಪಷ್ಟಪಡಿಸಿದೆ. ನಾನು ಇದೇ ಊರಿನವಳು. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದಾಗಿನಿಂದ ಇಲ್ಲಿನ ಕನ್ನಡದ ಮನೆಗಳ ಕಷ್ಟ ಏನೆಂದು ಹಿರಿಯರ ಬಾಯಲ್ಲಿ ಕೇಳುತ್ತಲೇ ಬೆಳೆದವಳು. ಮಕ್ಕಳು ಮಂಗಳೂರು, ಬೆಂಗಳೂರು ಎಂದು ಹೊರಟುಹೋದ ಮನೆಗಳು ನನ್ನ ಸುತ್ತ ಎಷ್ಟೋ ಇವೆ. ನಮ್ಮ ಕನ್ನಡ ಶಾಲೆಗೆ ಒಂದು ಮಗು ಜಾಸ್ತಿಯಾದರೂ ನನಗೆ ಸಂತೋಷ. ಹಾಗಾಗಿ ನೀವು ಬರಬೇಕೆಂಬ ಆಸೆ ನನಗೂ ಇದೆ, ನನ್ನ ಮಾತನ್ನು ಆ ಲೆಕ್ಕ ಇಟ್ಟುಕೊಂಡೇ ಕೇಳಿ ಎಂದೆ. ಸಲಹೆ ಕೇಳಲು ಬಂದವರಿಗೆ ಸಲಹೆಗಾರರ ಒಲವು ಯಾವ ಕಡೆ ಎಂದು ತಿಳಿದಿರಬೇಕು.

ರಜೆಗೆ ಹೋದ ಊರಲ್ಲೇ ಇದ್ದುಬಿಡೋಣ ಅನಿಸುವುದು ತಪ್ಪಲ್ಲ, ಹುಚ್ಚೂ ಅಲ್ಲ. ಹಾಗೆ ಬಂದು ನೆಲೆಸಿ ಚೆನ್ನಾಗಿರುವವರು ಇದ್ದಾರೆ. ಒಂದು ಊರನ್ನು ನೋಡದೆ ಅದರ ಮೇಲೆ ಆಸೆ ಹುಟ್ಟುವುದಾದರೂ ಹೇಗೆ? ರಜೆ ಆ ಆಸೆಯನ್ನು ಹುಟ್ಟಿಸುತ್ತದೆ. ಆದರೆ ಅಲ್ಲಿ ಬದುಕು ಹೇಗಿರುತ್ತದೆ ಎಂಬುದಕ್ಕೆ ರಜೆಯ ದಿನಗಳಲ್ಲಿ ಉತ್ತರ ಸಿಗುವುದಿಲ್ಲ. ಆ ಹತ್ತು ದಿನ ಬೆಳಗಿನ ತಿಂಡಿ ಯಾರೋ ಮಾಡಿರುತ್ತಾರೆ. ಆಫೀಸಿನ ಕರೆ ಇರುವುದಿಲ್ಲ. ಅಮ್ಮನ ಮಾತ್ರೆಯನ್ನು ಅಕ್ಕ ನೋಡಿಕೊಂಡಿರುತ್ತಾಳೆ. ಬೆನ್ನುನೋವು ಹೋದದ್ದು ಊರಿನಿಂದಲೋ, ಇವೆಲ್ಲ ಇಲ್ಲದ್ದರಿಂದಲೋ, ಅದನ್ನು ಬಿಡಿಸಿ ನೋಡಬೇಕು.

ಗಿರೀಶ್ ಲೆಕ್ಕಾಚಾರದ ಮನುಷ್ಯ. ಅದಕ್ಕೇ ಅವರಿಗೆ ಎರಡು ಅಧ್ಯಯನಗಳ ಬಗ್ಗೆ ಹೇಳಿದೆ. 1998ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಡೇವಿಡ್ ಶ್ಕೇಡ್ ಮತ್ತು ಡೇನಿಯಲ್ ಕಾನೆಮನ್ ಎಂಬ ಸಂಶೋಧಕರು ಅಮೆರಿಕದ ಕ್ಯಾಲಿಫೋರ್ನಿಯಾ ಮತ್ತು ಮಧ್ಯ ಪಶ್ಚಿಮ ಭಾಗದ ವಿದ್ಯಾರ್ಥಿಗಳನ್ನು ಕೇಳಿ ನೋಡಿದರು. ಒಳ್ಳೆ ಹವೆಯ ಕ್ಯಾಲಿಫೋರ್ನಿಯಾದವರೇ ಜಾಸ್ತಿ ಸುಖಿಗಳು ಎಂದು ಎರಡೂ ಕಡೆಯವರು ಅಂದುಕೊಂಡಿದ್ದರು. ತಮ್ಮ ತಮ್ಮ ಬದುಕಿನ ಬಗ್ಗೆ ಕೇಳಿದಾಗ ಎರಡು ಗುಂಪಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಬೇರೆ ಊರಿನ ಬದುಕನ್ನು ಊಹಿಸುವಾಗ ಎದ್ದು ಕಾಣುವ ಒಂದೇ ಸಂಗತಿಗೆ ನಾವು ಅತಿಯಾದ ತೂಕ ಕೊಡುತ್ತೇವೆ. ಇನ್ನೊಂದು, 2010ರಲ್ಲಿ ಪ್ರಕಟವಾಗಿದ್ದು, ನೆದರ್ಲೆಂಡ್ಸ್‌ನಲ್ಲಿ 1,530 ಮಂದಿಯ ಮೇಲೆ ನಡೆದದ್ದು. ರಜೆಗೆ ಹೊರಡುವವರು ಹೊರಡುವ ಮೊದಲೇ ಜಾಸ್ತಿ ಖುಷಿಯಲ್ಲಿದ್ದರು. ವಾಪಸ್ ಬಂದ ಮೇಲೆ, ತುಂಬಾ ನೆಮ್ಮದಿಯಾಗಿ ರಜೆ ಕಳೆದವರನ್ನು ಬಿಟ್ಟರೆ, ಉಳಿದವರಿಗೂ ರಜೆಗೇ ಹೋಗದವರಿಗೂ ವ್ಯತ್ಯಾಸ ಉಳಿದಿರಲಿಲ್ಲ. ಆ ನೆಮ್ಮದಿಯೂ ಕೆಲವು ವಾರಗಳಲ್ಲಿ ಕರಗಿತು. ಗಿರೀಶ್ ಸುಮ್ಮನೆ ಕೇಳಿಸಿಕೊಂಡರು. "ಅದಕ್ಕೇ ಅಲ್ವಾ ಮೇಡಂ, ವಾಪಸ್ ಬರೋದೇ ಬೇಡ ಅನ್ನೋದು" ಎಂದರು. ಒಳ್ಳೆ ಪ್ರಶ್ನೆಯೇ. ಅದಕ್ಕೆ ಉತ್ತರ ಕಂಡುಕೊಳ್ಳಲು ಒಂದು ಕೆಲಸ ಕೊಟ್ಟೆ.

ಇಬ್ಬರೂ ಬೇರೆ ಬೇರೆ ಕೂತು, ಒಬ್ಬರಿಗೊಬ್ಬರು ತೋರಿಸದೆ, ಮುಳ್ಳೇರಿಯದ ತೋಟದ ಮನೆಯಲ್ಲಿ ಮೂರು ವರ್ಷದ ನಂತರದ ಒಂದು ಮಂಗಳವಾರವನ್ನು ಬರೆಯಬೇಕು. ಏಳುವ ಹೊತ್ತಿನಿಂದ ಮಲಗುವವರೆಗೆ, ಯಾರು ಏನು ಮಾಡುತ್ತಾರೆ ಎಂದು. ಹಬ್ಬ ಅಲ್ಲ, ಭಾನುವಾರ ಅಲ್ಲ.

ಗಿರೀಶ್ ಅವರ ಹಾಳೆಯಲ್ಲಿ ಬೆಳಗಿನ ಆರರಿಂದ ಒಂಬತ್ತರವರೆಗೆ ಒಂದು ಪುಟ. ತೋಟದಲ್ಲಿ ನಡೆಯುವುದು, ಜಗಲಿಯಲ್ಲಿ ಕಾಫಿ, ಮಗಳೊಡನೆ ಮಾತು. ಒಂಬತ್ತರ ನಂತರ "ಕೆಲಸ" ಎಂಬ ಒಂದು ಪದ. ಆಮೇಲೆ ಖಾಲಿ. ಸುಜಾತಾ ಅವರ ಹಾಳೆಯಲ್ಲಿ ಎಡೆಯೇ ಇರಲಿಲ್ಲ. ಮಗಳ ಸ್ಕೂಲ್ ಬಸ್ಸು, ಅತ್ತೆಯ ಇಸಿಜಿ, ಗ್ಯಾಸ್ ಬುಕ್ಕಿಂಗ್, ಕೆಲಸದವರಿಗೆ ಹತ್ತು ಗಂಟೆಯ ಚಾ. ಎಲ್ಲರ ಟೈಂಟೇಬಲ್ ಅದರಲ್ಲಿತ್ತು. ಅವರ ಸ್ವಂತ ಕೆಲಸ, ಹದಿನೈದು ವರ್ಷದ ಟೀಚರ್ ಕೆಲಸ, ಎಲ್ಲೂ ಇರಲಿಲ್ಲ. ಎರಡು ಹಾಳೆ ಅಕ್ಕಪಕ್ಕ ಇಟ್ಟಾಗ ಗಿರೀಶ್ ಹೆಂಡತಿಯ ಹಾಳೆಯನ್ನು ಎರಡು ಸಲ ಓದಿದರು. "ಶಾಲೆ ಬಿಡ್ತೀಯಾ?" ಎಂದು ಕೇಳಿದರು. ಡಿಸೆಂಬರಿನ ನಂತರ ಅವರು ಹೆಂಡತಿಗೆ ಕೇಳಿದ ಮೊದಲ ಪ್ರಶ್ನೆ ಅದು.

ಮುಂದಿನ ಭೇಟಿಗಳಲ್ಲಿ ಗಟ್ಟಿ ಸಂಗತಿಗಳನ್ನು ಒಂದೊಂದಾಗಿ ಮೇಜಿನ ಮೇಲೆ ಇಟ್ಟೆ. ನಾನು ವಕೀಲೆ ಅಲ್ಲ, ಆದರೆ ಇಲ್ಲಿ ಇರುವವರಿಗೆಲ್ಲ ಗೊತ್ತಿರುವ ವಿಷಯ ಇವು. ಕೇರಳದಲ್ಲಿ ಜಾಗ ಕೊಂಡರೆ ಮುದ್ರಾಂಕ ಶುಲ್ಕ ನೂರಕ್ಕೆ 8, ನೋಂದಣಿಗೆ 2. ಕ್ರಯದ ಮೇಲೆ ಹತ್ತನೇ ಒಂದು ಪಾಲು ಹೆಚ್ಚಿಗೆ ಹೋಯಿತು ಎಂದೇ ತಿಳಿಯಬೇಕು. ದಾಖಲೆಯಲ್ಲಿ ಜಾಗ 'ಪುರಯಿಡಂ' (ಮನೆ, ತೋಟದ ಜಾಗ) ಎಂದಿದೆಯೋ 'ನಿಲಂ' (ಗದ್ದೆ) ಎಂದಿದೆಯೋ ನೋಡಬೇಕು. ಗದ್ದೆ ಎಂದು ದಾಖಲಾಗಿದ್ದರೆ 2008ರ ಭತ್ತದ ಗದ್ದೆ ಸಂರಕ್ಷಣಾ ಕಾನೂನು ಅಡ್ಡ ಬರುತ್ತದೆ. ಅಡಿಕೆ ಇದ್ದ ಮಾತ್ರಕ್ಕೆ ತೋಟ ಎಂದು ನಂಬಬಾರದು. ವಿಲೇಜ್ ಆಫೀಸಿನ ಕಾಗದ ಹೆಚ್ಚಾಗಿ ಮಲಯಾಳದಲ್ಲೇ ಇರುತ್ತದೆ. ಓದಿಸಿಕೊಳ್ಳಲು ನಂಬಿಕೆಯವರು ಬೇಕು. ಮಗಳ ವಿಷಯಕ್ಕೆ ಬಂದರೆ, 2017ರ ಕಾನೂನಿನಂತೆ ಇಲ್ಲಿನ ಶಾಲೆಗಳಲ್ಲಿ ಹತ್ತನೇ ತರಗತಿವರೆಗೆ ಮಲಯಾಳ ಕಲಿಯಬೇಕು. ಹೊರಗಿನಿಂದ ಬಂದ ಮಕ್ಕಳಿಗೆ ಏನು ಅನುಕೂಲ ಇದೆ ಎಂದು ಸೇರಿಸುವ ಶಾಲೆಯಲ್ಲೇ ಕೇಳಿ ಎಂದೆ.

ಅಮ್ಮನ ವಿಷಯಕ್ಕೆ ಜಾಸ್ತಿ ಹೊತ್ತು ಕೊಟ್ಟೆವು. ರಾತ್ರಿ ಎದೆನೋವು ಬಂದರೆ ನಮ್ಮ ಕಡೆಯವರು ಮಂಗಳೂರಿಗೆ ಓಡುತ್ತಾರೆ. ಮುಳ್ಳೇರಿಯದಿಂದ ಅದು ಗಂಟೆಗೂ ಮೀರಿದ ದಾರಿ. 2020ರ ಮಾರ್ಚಿನಲ್ಲಿ ಕೊರೋನಾ ಎಂದು ತಲಪಾಡಿಯಲ್ಲಿ ಗಡಿ ಮುಚ್ಚಿದಾಗ ಆ ದಾರಿಯೂ ಇರಲಿಲ್ಲ. ಆಂಬ್ಯುಲೆನ್ಸ್‌ಗಳು ಗಡಿಯಿಂದ ತಿರುಗಿ ಬಂದವು, ಜೀವಗಳು ಹೋದವು. ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋಗಬೇಕಾಯಿತು. ಅಂಥ ದಿನ ಮತ್ತೆ ಬಾರದಿರಲಿ. ಆದರೆ ಎರಡು ರಾಜ್ಯದ ನಡುವೆ ಬದುಕುವುದೆಂದರೆ ಏನು ಎಂದು ನಮಗೆ ಆಗ ಅರ್ಥವಾಗಿದೆ. ಸ್ಟೆಂಟ್ ಹಾಕಿಸಿಕೊಂಡ ತಾಯಿಯನ್ನು ಕರೆತರುವ ಮಗನಿಗೂ ಇದು ಗೊತ್ತಿರಬೇಕು.

ಇಷ್ಟೆಲ್ಲ ಹೇಳಿ ನಾನು ಕೊಟ್ಟ ಸಲಹೆ ಮೂರು ಮಾತಿನದು. ಇನ್ನು ಒಂದು ರೂಪಾಯಿಯನ್ನೂ ಕೊಡಬೇಡಿ, ಕರಾರಿನ ಅವಧಿಯನ್ನು ಅಕ್ಟೋಬರಿನವರೆಗೆ ಮುಂದೆ ಹಾಕಲು ಕೇಳಿ. ಮಳೆಗಾಲದಲ್ಲಿ, ಹೋಮ್‌ಸ್ಟೇಯಲ್ಲಿ ಅಲ್ಲ, ಬಾಡಿಗೆ ಮನೆಯಲ್ಲಿ, ನಿಮ್ಮ ಆಫೀಸಿನ ಕೆಲಸ ಮಾಡುತ್ತಾ ಒಂದು ತಿಂಗಳಾದರೂ ಇರಿ. ಮತ್ತೆ, ತೋಟ ಮಾರುವವರ ಮನೆಗೆ ಇಬ್ಬರೂ ಒಟ್ಟಿಗೆ ಹೋಗಿ, ಕ್ರಯದ ಮಾತು ಎತ್ತದೆ, ಅವರ ವರ್ಷ ಹೇಗೆ ಸಾಗುತ್ತದೆ ಎಂದು ಕೇಳಿ ಬನ್ನಿ.

ಮಾರುವವರು ಎಪ್ಪತ್ತು ದಾಟಿದ ದಂಪತಿ. ಮಗ ಬೆಂಗಳೂರಿನಲ್ಲಿ. ತೋಟ ನೋಡಿಕೊಳ್ಳಲು ಆಗುವುದಿಲ್ಲ ಎಂದು ಅವರು ಮಗನ ಫ್ಲ್ಯಾಟಿಗೆ ಹೊರಟಿದ್ದರು. ಅಲ್ಲಿ ಮಧ್ಯಾಹ್ನ ಉಂಡು, ಸಂಜೆಯವರೆಗೆ ಮಾತಾಡಿ ಬಂದ ಮೇಲೆ ಸುಜಾತಾ ನನಗೆ ಹೇಳಿದ್ದು ಆ ಅಮ್ಮನ ಒಂದು ಮಾತನ್ನು: "ಮಗನ ಮನೆಗೆ ಹೋದರೆ ನಾಲ್ಕು ದಿನ ಚೆಂದ. ಐದನೇ ದಿನ ಎಂತ ಮಾಡುವುದು ಅಂತ ಗೊತ್ತಾಗುವುದಿಲ್ಲ. ನೀವು ಆಟಿಯಲ್ಲಿ ಒಮ್ಮೆ ಬಂದು ನಿಲ್ಲಿ ಮಗಳೇ, ಮತ್ತೆ ಹೇಳಿ." ಆಟಿ ಎಂದರೆ ನಮ್ಮಲ್ಲಿ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಜೋರು ಮಳೆಯ ತಿಂಗಳು. ಕರಾರು ಮುಂದೆ ಹಾಕಲು ಅವರು ಕೂಡಲೇ ಒಪ್ಪಿದರು. ಅವರಿಗೂ ಸ್ವಲ್ಪ ಸಮಯ ಬೇಕಿತ್ತು ಅಂತ ನನಗನಿಸುತ್ತದೆ.

ಜೂನ್ ಕೊನೆಗೆ ಗಿರೀಶ್ ಒಬ್ಬರೇ ಬಂದು ಬದಿಯಡ್ಕದ ಹತ್ತಿರ ಒಂದು ಮನೆಯ ಮಾಳಿಗೆ ಬಾಡಿಗೆಗೆ ಹಿಡಿದರು. ಜುಲೈಯಲ್ಲಿ ಸುಜಾತಾ ರಜೆ ಹಾಕಿ ಮಗಳ ಜೊತೆ ಒಂದು ವಾರ ಬಂದರು. ನಮ್ಮಲ್ಲಿ ವರ್ಷದ ಮಳೆ 3,000 ಮಿಲಿಮೀಟರ್ ದಾಟುತ್ತದೆ. ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿಯುತ್ತದೆ. ಬಟ್ಟೆ ಒಣಗಲಿಲ್ಲ. ಬೆಲ್ಟಿಗೆ, ಲ್ಯಾಪ್‌ಟಾಪ್ ಬ್ಯಾಗಿಗೆ ಬೂಷ್ಟು ಬಂತು. ಗಾಳಿಗೆ ಮರ ಬಿದ್ದು ಎರಡು ದಿನ ಕರೆಂಟ್ ಇಲ್ಲ, ಇಂಟರ್‌ನೆಟ್ ಇಲ್ಲ. ಗಿರೀಶ್ ಪೇಟೆಯ ಬೇಕರಿ ಎದುರು ಕಾರು ನಿಲ್ಲಿಸಿ, ಫೋನಿನ ಹಾಟ್‌ಸ್ಪಾಟ್‌ನಲ್ಲಿ ಮೀಟಿಂಗ್ ಮಾಡಿದರು. ಅಮೆರಿಕದ ತಂಡದ ಕರೆ ಇಲ್ಲಿಯೂ ರಾತ್ರಿ ಒಂಬತ್ತಕ್ಕೇ ಬಂತು. ಬೆನ್ನುನೋವು ಎರಡನೇ ವಾರವೇ ವಾಪಸ್ಸಾಯಿತು.

ಒಂದು ದಿನ ಮಾತ್ರ ಅವರು ಫೋನ್ ಮಾಡಿ ತುಂಬಾ ಹುರುಪಿನಿಂದ ಮಾತಾಡಿದರು. ಮಳೆ ಅರ್ಧ ದಿನ ಬಿಟ್ಟಿತ್ತು. ಮಾರುವವರ ತೋಟದಲ್ಲಿ ಅಡಿಕೆಯ ಕೊಳೆರೋಗಕ್ಕೆ ಎರಡನೇ ಸಲದ ಮದ್ದು ಬಿಡುತ್ತಿದ್ದರು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ. ಅಜ್ಜ ಆ ನೀಲಿ ದ್ರಾವಣದಲ್ಲಿ ಹೊಳೆಯುವ ಚೂರಿ ಅದ್ದಿ, ಎತ್ತಿ, ಅಲಗನ್ನು ಬೆಳಕಿಗೆ ಹಿಡಿದು ನೋಡಿದರಂತೆ. ಅಲಗಿಗೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು ಎಂದು ಅರ್ಥ. ಮರ ಹತ್ತುವವರು ಸಿಕ್ಕಿದ್ದು ಹನ್ನೊಂದು ದಿನ ಕಾದ ಮೇಲೆ. ಗಿರೀಶ್ ಇಡೀ ದಿನ ಪೈಪು ಹಿಡಿದು ನಿಂತರು, ಆಫೀಸಿನ ಎರಡು ಕರೆ ತಪ್ಪಿತು. "ಇದನ್ನ ಮಾಡಬಹುದು ಮೇಡಂ, ಅದನ್ನೂ ಮಾಡಬಹುದು. ಎರಡೂ ಒಟ್ಟಿಗೆ ಆಗಲ್ಲ" ಎಂದರು. ಈ ತಿಳಿವಳಿಕೆ ನನ್ನ ಯಾವ ಪ್ರಶ್ನೆಯಿಂದಲೂ ಬರುತ್ತಿರಲಿಲ್ಲ.

ಸುಜಾತಾಗೆ ಮಳೆ ಕಷ್ಟ ಅನಿಸಲೇ ಇಲ್ಲ. ಆ ಅಮ್ಮನ ಅಡುಗೆಮನೆಯಲ್ಲಿ ಕೂತು ಪತ್ರೊಡೆಗೆ ಎಲೆ ಸುತ್ತಿದರು. ಹತ್ತಿರದ ಕನ್ನಡ ಶಾಲೆಗೆ ಹೋಗಿ ಟೀಚರ್‌ಗಳ ಜೊತೆ ಮಾತಾಡಿ ಬಂದರು. ಬಾರದಿರುವ ಮನಸ್ಸು ಎಂದು ಗಂಡ ತಿಳಿದಿದ್ದು ಇವರ ಬಗ್ಗೆಯೇ! ಮಗಳು ಮೂರನೇ ದಿನವೇ ಗೆಳತಿಯರು ಬೇಕೆಂದು ಅತ್ತಳು. ಅದನ್ನು ಇಬ್ಬರೂ ಗಂಭೀರವಾಗಿಯೇ ತೆಗೆದುಕೊಂಡರು.

ಅಕ್ಟೋಬರಿನಲ್ಲಿ ನನ್ನ ಕೋಣೆಯಲ್ಲೇ ಎದುರುಬದುರು ಕೂತು ನಿರ್ಧಾರ ಮಾಡಿದರು. ಈಗ ತೋಟ ಕೊಳ್ಳುವುದಿಲ್ಲ. ಮುಂಗಡವನ್ನು ವಾಪಸ್ ಕೇಳಿದರು, ಹಿರಿಯರು ಎರಡು ಕಂತಿನಲ್ಲಿ ಕೊಟ್ಟರು. ಗಿರೀಶ್‌ಗೆ ನಾನು ಕೊಟ್ಟ ಕೆಲಸ ಊರು ಬಿಡುವುದಕ್ಕಿಂತ ಕಷ್ಟದ್ದು: ರಾತ್ರಿಯ ಕರೆಗಳನ್ನು ಬೇರೆಯವರಿಗೆ ವಹಿಸುವಂತೆ ಆಫೀಸಿನಲ್ಲಿ ಕೇಳುವುದು, ಬೆಳಿಗ್ಗೆ ಮಗಳನ್ನು ತಾವೇ ಶಾಲೆಗೆ ಬಿಡುವುದು. ಮೊದಲನೆಯದು ಅರ್ಧ ಆಗಿದೆ. ಎರಡನೆಯದು ನಡೆಯುತ್ತಿದೆ. ಮಗಳ ಹತ್ತನೇ ತರಗತಿ ಮುಗಿದ ಮೇಲೆ ಈ ಮಾತನ್ನು ಮತ್ತೆ ಎತ್ತೋಣ ಎಂದವರು ಸುಜಾತಾ. ಗಂಡ ಬಾರದಿದ್ದರೂ ಒಂದು ವರ್ಷ ಇಲ್ಲಿ ಬಂದು ಕಲಿಸಬೇಕೆಂಬ ಆಸೆ ಅವರಿಗೆ ಹುಟ್ಟಿದೆ.

ಮುಂದಿನ ಸಲ ಏಪ್ರಿಲ್ ಕೊನೆಗೆ ಬನ್ನಿ ಎಂದಿದ್ದೇನೆ. ಆಗ ಸುರಂಗದ (ನೀರಿಗಾಗಿ ಗುಡ್ಡಕ್ಕೆ ಅಡ್ಡವಾಗಿ ಕೊರೆದ ಬಿಲ) ನೀರು ಕಡಿಮೆಯಾಗಿರುತ್ತದೆ, ತೋಟಕ್ಕೆ ನೀರು ಸಾಲದೆ ಜನ ಮೇ ಕೊನೆಯ ಮಳೆಗೆ ಕಾಯುತ್ತಿರುತ್ತಾರೆ. ಅದನ್ನೂ ನೋಡಬೇಕು. ಗಿರೀಶ್ ಅವರ ತಾಯಿಯನ್ನೂ ಜೊತೆಗೆ ಕರೆತರಬೇಕು. ಇಷ್ಟು ತಿಂಗಳ ಮಾತಿನಲ್ಲಿ ಅವರ ಮನಸ್ಸಿನಲ್ಲಿ ಏನಿದೆ ಎಂದು ಯಾರೂ ಕೇಳಿಲ್ಲ. ಅದನ್ನು ಕೇಳುವ ಕೆಲಸ ಗಿರೀಶ್ ಮಾಡಬೇಕು, ಸುಜಾತಾ ಮೇಲೆ ಹಾಕಬಾರದು ಎಂದು ಇಬ್ಬರ ಎದುರೇ ಹೇಳಿದ್ದೇನೆ.