ಬ್ರಿಜ್‌ನಲ್ಲಿ ಫಿನೆಸ್ ಆದ ಮೇಲೆ ಸ್ಕ್ವೀಜ್ ಕಲಿಯಬೇಕೇ, ಎಂಡ್‌ಪ್ಲೇ ಕಲಿಯಬೇಕೇ?

ಇಸ್ಪೀಟಿನ ಬ್ರಿಜ್ ಆಟದಲ್ಲಿ ಫಿನೆಸ್ (ಎದುರಾಳಿಯ ದೊಡ್ಡ ಎಲೆ ಯಾವ ಕಡೆ ಇದೆಯೆಂದು ಊಹಿಸಿ ಸಣ್ಣ ಎಲೆಯಿಂದ ಗೆಲ್ಲಲು ನೋಡುವುದು) ಕೈವಶವಾಗಿದೆ, ಮುಂದೆ ಸ್ಕ್ವೀಜ್ (ಎದುರಾಳಿ ಬೇಕಾದ ಎಲೆಯನ್ನೇ ಬಿಸಾಡುವಂತೆ ಮಾಡುವುದು) ಕಲಿಯಲೋ, ಎಂಡ್‌ಪ್ಲೇ (ಎದುರಾಳಿಯ ಕೈಗೆ ಆಟ ಕೊಟ್ಟು ನಮಗೆ ಲಾಭವಾಗುವಂತೆ ಆಡಿಸುವುದು) ಕಲಿಯಲೋ ಎಂದು ನೀವು ಬರೆದು ಕೇಳಿದ್ದೀರಿ. ಮಂಗಳೂರಿನ ಕದ್ರಿಯ ಒಂದು ಮನೆಯ ಜಗಲಿಯಲ್ಲಿ, ಭಾನುವಾರದ ಆಟ ಮುಗಿದ ಹೊತ್ತಿನಲ್ಲಿ, ನಾನೂ ಇದೇ ಪ್ರಶ್ನೆಯನ್ನು ಕೇಳಿದ್ದೆ. ಚಿಕ್ಕಂದಿನಿಂದ ಇಪ್ಪತ್ತೆಂಟು ಎಂಬ ಇಸ್ಪೀಟಾಟ ಆಡಿ ಬೆಳೆದವನು ನಾನು. ಆ ಆಟದಲ್ಲಿ ಗುಲಾಮನೇ ಎಲ್ಲಕ್ಕಿಂತ ದೊಡ್ಡ ಎಲೆ. ಅಂಕದ ಎಲೆಗಳು ಕೈತಪ್ಪದಂತೆ ನೋಡಿಕೊಳ್ಳುವುದೇ ಅಲ್ಲಿನ ಜಾಣತನ. ಆ ಅಭ್ಯಾಸವನ್ನೇ ನಾನು ಬ್ರಿಜ್‌ಗೂ ತಂದಿದ್ದೆ.

ಅಂದು ಕಾಂಟ್ರಾಕ್ಟ್ (ಗೆಲ್ಲುತ್ತೇವೆಂದು ಒಪ್ಪಿಕೊಂಡ ಗುರಿ) 4 ಸ್ಪೇಡ್, ಅಂದರೆ ಸ್ಪೇಡ್ ತುರುಫಾಗಿ 10 ಟ್ರಿಕ್ (ನಾಲ್ವರೂ ಒಂದೊಂದು ಎಲೆ ಹಾಕುವ ಸುತ್ತು) ಬೇಕು; ನಮ್ಮ ಕಡೆಯ ಎರಡೂ ಕೈಗಳನ್ನು ಆಡುವ ಡಿಕ್ಲೇರರ್ ನಾನು. ನನ್ನ ಕೈಯಲ್ಲಿ ಸ್ಪೇಡಿನ ಎಕ್ಕ, ರಾಣಿ, 10, 7, 5. ಹಾರ್ಟಿನ ಎಕ್ಕ, 4. ಡೈಮಂಡಿನ 8, 6, 3. ಕ್ಲಬ್ಬಿನ ರಾಜ, 10, 4. ಡಮ್ಮಿಯಲ್ಲಿ, ಅಂದರೆ ಮೇಜಿನ ಮೇಲೆ ತೆರೆದಿಟ್ಟ ಪಾರ್ಟ್‌ನರ್ ಎಲೆಗಳಲ್ಲಿ, ಸ್ಪೇಡಿನ ರಾಜ, ಗುಲಾಮ, 8, 4. ಹಾರ್ಟಿನ ರಾಜ, 7, 3. ಡೈಮಂಡಿನ 7, 5, 2. ಕ್ಲಬ್ಬಿನ ಎಕ್ಕ, ಗುಲಾಮ, 6. ಎಡಗಡೆಯವರು ಹಾರ್ಟ್ ರಾಣಿಯನ್ನು ಇಳಿಸಿದರು. ನಾನು ಎಕ್ಕದಿಂದ ಹಿಡಿದು ಮೂರು ಸುತ್ತಿನಲ್ಲಿ ಎದುರಾಳಿಗಳ ತುರುಫು ತೆಗೆದೆ. ಡೈಮಂಡಿನಲ್ಲಿ ಮೂರು ಟ್ರಿಕ್ ಹೋಗುವುದು ಖಚಿತವಾದ್ದರಿಂದ ಕ್ಲಬ್ ರಾಣಿಗೆ ಒಂದನ್ನೂ ಕೊಡುವಂತಿರಲಿಲ್ಲ. ರಾಣಿ ಎಡಗಡೆ ಇದೆಯೆಂದು ಊಹಿಸಿ, 4ನ್ನು ಇಳಿಸಿ ಡಮ್ಮಿಯಿಂದ ಗುಲಾಮನನ್ನು ಹಾಕಿದೆ. ಬಲಗಡೆಯವರು ರಾಣಿಯಿಂದ ಹೊಡೆದು ಮೂರು ಡೈಮಂಡ್ ಎಣಿಸಿಕೊಂಡರು. ಒಂದು ಟ್ರಿಕ್ ಕಡಿಮೆಯಾಯಿತು.

ಊಹೆ ತಪ್ಪಿತು ಎಂದೇ ನಾನು ಬಹಳ ದಿನ ನಂಬಿದ್ದೆ. ತಪ್ಪು ಊಹೆಯದಲ್ಲ, ಊಹಿಸಲು ಹೊರಟದ್ದೇ ತಪ್ಪು. ಹೇಗಿದ್ದರೂ ಕೊಡಲೇಬೇಕಾಗಿದ್ದ ಆ ಮೂರು ಡೈಮಂಡುಗಳನ್ನು ಕಂಡು ಹೆದರಿ, ಅವನ್ನು ಕೊನೆಗೆ ತಳ್ಳಿದೆ. ಮಾಡಬೇಕಾಗಿದ್ದುದು ಇಷ್ಟು: ತುರುಫು ತೆಗೆದ ಮೇಲೆ ಹಾರ್ಟ್ ರಾಜನಿಗೆ ಹೋಗಿ, ಡಮ್ಮಿಯ ಮೂರನೆಯ ಹಾರ್ಟನ್ನು ಕೈಯಲ್ಲಿ ತುರುಫಿನಿಂದ ಹೊಡೆದು, ಆಮೇಲೆ ಒಂದು ಸಣ್ಣ ಡೈಮಂಡನ್ನು ಇಳಿಸಿ ಸುಮ್ಮನಿರುವುದು. ಎದುರಾಳಿಗಳು ಮೂರು ಡೈಮಂಡ್ ತೆಗೆದುಕೊಂಡಾಗ ನನ್ನಲ್ಲೂ ಡಮ್ಮಿಯಲ್ಲೂ ಹಾರ್ಟ್ ಇಲ್ಲ, ಡೈಮಂಡ್ ಇಲ್ಲ; ಎರಡೂ ಕಡೆ ಒಂದೊಂದು ತುರುಫು ಮತ್ತು ಮೂರು ಮೂರು ಕ್ಲಬ್ ಮಾತ್ರ. ಈಗ ಅವರು ಹಾರ್ಟನ್ನೋ ಡೈಮಂಡನ್ನೋ ಇಳಿಸಿದರೆ ಡಮ್ಮಿಯಲ್ಲಿ ಹೊಡೆದು ಕೈಯಿಂದ ಕ್ಲಬ್ 4ನ್ನು ಬಿಸಾಡಬಹುದು. ಕ್ಲಬ್ ಇಳಿಸಿದರೆ ಅವರ ಬೆನ್ನಿಗೇ ಆಡುವ ನಮ್ಮ ಕೈಯಿಂದ ಸಣ್ಣ ಎಲೆ ಹಾಕಿದರಾಯಿತು. ರಾಣಿ ಎಲ್ಲೇ ಇರಲಿ, ಸಿಕ್ಕಿಬೀಳುತ್ತಾಳೆ. 50% ಅದೃಷ್ಟದ ಫಿನೆಸ್ಸನ್ನು ನಾನು ಮಾಡುವ ಅಗತ್ಯವೇ ಇರಲಿಲ್ಲ. ಆ ಕ್ಲಬ್ಬನ್ನು ಅವರಿಂದಲೇ ಆಡಿಸಬಹುದಿತ್ತು; ಎಂಡ್‌ಪ್ಲೇ ಎಂದರೆ ಇದೇ.

ನಿವೃತ್ತ ಬ್ಯಾಂಕ್ ಅಧಿಕಾರಿಯಾಗಿದ್ದ ನನ್ನ ಪಾರ್ಟ್‌ನರ್ ಬೈಯಲಿಲ್ಲ. ಎಲೆಗಳನ್ನು ಮತ್ತೆ ಮೇಜಿನ ಮೇಲೆ ಹರಡಿ, ಡೈಮಂಡ್ 3ನ್ನು ಬೆರಳಿನಿಂದ ಮುಂದೆ ತಳ್ಳಿ, "ಸಾಲ ಹೇಗೂ ಉಂಟಲ್ಲ ಮಾರಾಯ್ರೆ, ಮೊದಲೇ ತೀರಿಸಿಬಿಡುವುದಲ್ಲವಾ?" ಎಂದರು.

ಆದ್ದರಿಂದ ಸ್ಕ್ವೀಜೋ ಎಂಡ್‌ಪ್ಲೇಯೋ ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಅವು ಒಂದಾದ ಮೇಲೊಂದು ಹತ್ತುವ ಮೆಟ್ಟಿಲುಗಳಲ್ಲ. ಸರಳ ಸ್ಕ್ವೀಜ್ ಸಾಮಾನ್ಯವಾಗಿ ಫಲಿಸಬೇಕಾದರೆ ಉಳಿದ ಟ್ರಿಕ್ಕುಗಳಲ್ಲಿ ಒಂದನ್ನು ಬಿಟ್ಟು ಮಿಕ್ಕೆಲ್ಲವೂ ನಿಮ್ಮವೇ ಆಗಿರಬೇಕು. ಹಾಗಾಗಲು ಸೋಲುವ ಟ್ರಿಕ್ಕನ್ನು ಬೇಗನೆ ಕೊಟ್ಟಿರಬೇಕು. ಎರಡಕ್ಕೂ ಮೂಲ ಒಂದೇ: ಡಮ್ಮಿ ಮೇಜಿನ ಮೇಲೆ ಬಿದ್ದಾಗ, ಮೊದಲ ಎಲೆಯನ್ನು ಮುಟ್ಟುವ ಮುನ್ನ, ಹೋಗುವ ಟ್ರಿಕ್ ಎಷ್ಟು, ಅವು ಯಾವಾಗ ಹೋದರೆ ನನಗೆ ಲಾಭ ಎಂದು ಎಣಿಸುವುದು. ಫಿನೆಸ್ ಕೈವಶವಾಗಿದೆ ಎಂದು ನೀವು ಬರೆದಿದ್ದೀರಿ. ನನ್ನ ದೃಷ್ಟಿಯಲ್ಲಿ ಅದನ್ನು ಮಾಡದೆ ಇರಲು ಬಂದಾಗಲೇ ಅದು ಕೈವಶವಾದಂತೆ.

ಮೇಲಿನ 26 ಎಲೆಗಳನ್ನು ಇಂದೇ ಬೇರೆ ತೆಗೆದಿಟ್ಟು, ಉಳಿದ 26ನ್ನು ಕಲಸಿ ಎದುರಾಳಿಗಳಿಗೆ ಹಂಚಿ, ಮೊದಲ ಎಲೆ ಹಾರ್ಟ್ ಆಗಿರಲಿ ಎಂದು ಹೇಳಿ ಆಡಿಸಿ. ನಾಲ್ಕೂ ತುರುಫು ಒಬ್ಬರ ಕೈಗೇ ಬಿದ್ದ ಹಂಚಿಕೆಯನ್ನು ಮಾತ್ರ ಬದಿಗಿಡಿ. ಮೊದಲು ಡೈಮಂಡ್ ಇಳಿಸಿ ಅವರು ಮೂರನ್ನೂ ತೆಗೆದುಕೊಂಡರೆ ಏನಾಗುತ್ತದೆ ಎಂಬುದನ್ನೂ ಒಮ್ಮೆ ನೋಡಿ. ಆಗ ಅವರು ಹಾರ್ಟ್ ಇಳಿಸಿ ತಪ್ಪಿಸಿಕೊಳ್ಳಬಲ್ಲರು, ಕ್ಲಬ್ಬನ್ನು ನೀವೇ ಊಹಿಸಬೇಕಾಗುತ್ತದೆ.